ಹಳೆಯ ವೀಡಿಯೊ ಟೇಪು, ಹೊಸ ಪ್ರತಿ

ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ, ಅಟ್ಟದ ಮೇಲೋ ಬೀರುವಿನ ತಳದಲ್ಲೋ, ದಪ್ಪ ಪುಸ್ತಕದ ಆಕಾರದ ಒಂದೆರಡು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಗಳು ಇಂದಿಗೂ ಇರುತ್ತವೆ. ಬೆನ್ನಿಗೆ ಅಂಟಿಸಿದ ಚೀಟಿಯ ಮೇಲೆ, ಮಾಸಿದ ಶಾಯಿಯಲ್ಲಿ, ‘ಮದುವೆ, ಭಾಗ 2’ ಎಂದೋ ‘ಅಜ್ಜನ ಸಹಸ್ರಚಂದ್ರ ಶಾಂತಿ’ ಎಂದೋ ಬರೆದಿರುತ್ತದೆ. ಅದನ್ನು ನೋಡುವ ಯಂತ್ರ ಮನೆಯಲ್ಲಿಲ್ಲ. ಎಸೆಯುವುದಕ್ಕೆ ಮನಸ್ಸು ಬಾರದು. ‘ಯಾವಾಗಲಾದರೂ ಡಿ.ವಿ.ಡಿ. ಮಾಡಿಸಿದರಾಯಿತು’ ಎಂದುಕೊಂಡು ಬೀರುವಿನ ಬಾಗಿಲು ಮುಚ್ಚುತ್ತೇವೆ. ಈ ‘ಯಾವಾಗಲಾದರೂ’ ಎಂಬ ಮಾತಿಗೆ ಇನ್ನೆಷ್ಟು ಅವಕಾಶವಿದೆ, ಆ ಪ್ರತಿ ಮಾಡುವ ಕೆಲಸದ ಒಳಗುಟ್ಟೇನು ಎಂಬುದೇ ಇಂದಿನ ನನ್ನ ಭಾಷಣದ ವಿಷಯ. ನಾನು ವೃತ್ತಿಯಿಂದ ಭೌತಶಾಸ್ತ್ರದ ಅಧ್ಯಾಪಕನಾಗಿದ್ದವನು. ನಿವೃತ್ತನಾದ ಮೇಲೆ, ಕೆಟ್ಟುನಿಂತ ವಿ.ಸಿ.ಆರ್.ಗಳನ್ನು ಬಿಚ್ಚಿ ಸರಿಪಡಿಸುವುದು, ಪರಿಚಿತರ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಹವ್ಯಾಸವಾಗಿದೆ.

ವೀಡಿಯೊ ಟೇಪಿನ ಚರಿತ್ರೆ ದೀರ್ಘವಾದುದೇನಲ್ಲ. ಅಮೆರಿಕದ ಆಂಪೆಕ್ಸ್ ಕಂಪನಿ 1956ರಲ್ಲಿ ಟೆಲಿವಿಷನ್ ಕೇಂದ್ರಗಳಿಗಾಗಿ ಎರಡು ಅಂಗುಲ ಅಗಲದ ಟೇಪಿನ ಭಾರಿ ಯಂತ್ರವನ್ನು ಹೊರತಂದಿತು. ಮನೆಗೆ ಒಗ್ಗುವ ಕ್ಯಾಸೆಟ್ಟುಗಳು ಬಂದದ್ದು ಜಪಾನಿನಿಂದ: 1975ರಲ್ಲಿ ಸೋನಿಯವರ ಬೀಟಾಮ್ಯಾಕ್ಸ್, ಮರುವರ್ಷ ಜೆ.ವಿ.ಸಿ.ಯವರ ವಿ.ಎಚ್.ಎಸ್. ನಮ್ಮಲ್ಲಿ 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿ.ವಿ. ಬಂತು, ಅದರ ಬೆನ್ನಿಗೇ ವಿ.ಸಿ.ಆರ್. ಬಂತು. ಕೆಲವೇ ವರ್ಷಗಳಲ್ಲಿ ಮದುವೆಯ ಮಂಟಪಕ್ಕೆ, ಪುರೋಹಿತರ ಹಿಂದೆಯೇ, ಹೆಗಲ ಮೇಲೆ ಕ್ಯಾಮೆರಾ ಹೊತ್ತವನೂ ಅವನ ಜೊತೆಗೆ ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗನೂ ಪ್ರವೇಶಿಸಿದರು. ಆ ಬೆಳಕಿಗೆ ಕಣ್ಣು ಕಿರಿದುಮಾಡಿಕೊಂಡ ಒಂದು ತಲೆಮಾರಿನ ವಧೂವರರೆಲ್ಲ ಈ ಕಪ್ಪು ಪೆಟ್ಟಿಗೆಗಳೊಳಗಿದ್ದಾರೆ. 2016ರ ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿ ತನ್ನ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಈ ಯಂತ್ರವನ್ನು ಹೊಸದಾಗಿ ಮಾಡುವ ದೊಡ್ಡ ಕಾರ್ಖಾನೆಗಳಲ್ಲಿ ಅದೇ ಕೊನೆಯದು.

ಯಂತ್ರದ ಮಾತು ಇಷ್ಟು ಮುಖ್ಯವೇಕೆಂದರೆ, ಟೇಪಿನಲ್ಲಿ ಚಿತ್ರವೇ ಇಲ್ಲ. ಸಿನಿಮಾದ ರೀಲನ್ನು ಬೆಳಕಿಗೆ ಹಿಡಿದರೆ ಚಿತ್ರ ಕಾಣುತ್ತದೆ. ತಾಳೆಗರಿಯನ್ನು ಹಿಡಿದರೆ ಅಕ್ಷರ ಕಾಣುತ್ತದೆ. ವೀಡಿಯೊ ಟೇಪನ್ನು ಹಿಡಿದರೆ ಕಾಣುವುದು ಕಂದುಗಪ್ಪು ಪಟ್ಟಿ ಮಾತ್ರ. ಅದರ ಮೇಲಿನ ಬರಹವನ್ನು ಓದಬಲ್ಲದ್ದು ಅದಕ್ಕೆಂದೇ ಕಟ್ಟಿದ ಯಂತ್ರವೊಂದೇ. ಸಿಂಧೂ ಕಣಿವೆಯ ಮುದ್ರೆಗಳು ನಮ್ಮ ಕೈಯಲ್ಲಿವೆ, ಓದುವ ವಿದ್ಯೆ ಇಲ್ಲ. ಯಂತ್ರವಿಲ್ಲದ ಕ್ಯಾಸೆಟ್ಟೂ ಹಾಗೆಯೇ.

ಆ ಬರಹ ಎಂಥದೆಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಟೇಪಿನ ಅಗಲ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರ್, ದಪ್ಪ ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು. ಪಾಲಿಯೆಸ್ಟರ್ ಹಾಳೆಯ ಮೇಲೆ, ಒಂದು ಬಗೆಯ ಅಂಟಿನಲ್ಲಿ ಕಲಸಿದ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಕಣಗಳನ್ನು ಬಳಿದಿರುತ್ತಾರೆ. ಈ ಕಣಗಳ ಕಾಂತತೆಯ ಏರಿಳಿತವೇ ಬರಹ. ಧ್ವನಿಯನ್ನು ಹೀಗೆ ಬರೆಯುವುದು ಸುಲಭ. ಚಿತ್ರದ ಕಂಪನಗಳಾದರೋ ಸೆಕೆಂಡಿಗೆ ಲಕ್ಷಗಟ್ಟಲೆ. ಅವನ್ನು ಹಿಡಿಯಬೇಕಾದರೆ ಬರೆಯುವ ತಲೆಗೂ ಟೇಪಿಗೂ ನಡುವೆ ಸೆಕೆಂಡಿಗೆ ಸುಮಾರು 5 ಮೀಟರಿನ ವೇಗ ಬೇಕು. ಆ ವೇಗದಲ್ಲಿ ಟೇಪನ್ನೇ ಓಡಿಸಿದರೆ ಮೂರು ಗಂಟೆಯ ಮದುವೆಗೆ ಐವತ್ತು ಕಿಲೋಮೀಟರಿಗೂ ಹೆಚ್ಚು ಉದ್ದದ ಟೇಪು ಬೇಕಾದೀತು! ಅದಕ್ಕೊಂದು ಚಮತ್ಕಾರದ ಉಪಾಯ ಹೂಡಿದರು. ಟೇಪು ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಆಮೆನಡಿಗೆಯಲ್ಲಿ ಸಾಗುತ್ತದೆ. ಅದು ಬಳಸಿಕೊಂಡು ಹೋಗುವ, ಕೊಂಚ ವಾಲಿಸಿ ನಿಲ್ಲಿಸಿದ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಉರುಳೆಯಲ್ಲಿ ಎದುರುಬದುರಾಗಿ ಕೂತ ಎರಡು ತಲೆಗಳು ಟೇಪಿನ ಮೇಲೆ ಓರೆಯಾಗಿ ಗೆರೆ ಎಳೆಯುತ್ತಾ ಹೋಗುತ್ತವೆ. ಗೆರೆಯ ಅಗಲ 49 ಮೈಕ್ರಾನ್, ತಲೆಗೂದಲಿಗಿಂತ ತೆಳುವು. ಒಂದೊಂದು ಗೆರೆಯೂ ಸೆಕೆಂಡಿನ ಐವತ್ತನೆಯ ಒಂದು ಭಾಗದ ಚಿತ್ರ. ಮೂರು ಗಂಟೆಯ ಟೇಪಿನಲ್ಲಿ ಇಂಥ ಗೆರೆಗಳು ಐದು ಲಕ್ಷದ ನಲವತ್ತು ಸಾವಿರ. ಮಾತಿಗೆ ಮಾತ್ರ ಈ ವೈಭೋಗವಿಲ್ಲ. ಸಾಮಾನ್ಯ ಯಂತ್ರಗಳಲ್ಲಿ ಅದನ್ನು ಟೇಪಿನ ಅಂಚಿನ ಒಂದು ಮಿಲಿಮೀಟರ್ ಜಾಗದಲ್ಲಿ, ಆಡಿಯೊ ಕ್ಯಾಸೆಟ್ಟಿನ ಅರ್ಧದಷ್ಟು ವೇಗದಲ್ಲಿ ಬರೆದಿರುತ್ತಾರೆ. ಟೇಪು ಮಡಚಿದರೆ, ಸವೆದರೆ, ಮೊದಲು ಪೆಟ್ಟು ತಿನ್ನುವುದೇ ಅಂಚು. ಅಜ್ಜಿಯ ಹಸೆಯ ಹಾಡು ಇರುವುದು ಅಲ್ಲಿ.

ಕಾಲ ಕಳೆದಂತೆ ಕಾಂತತ್ವ ಆರಿಹೋಗುತ್ತದೆ ಎಂಬ ನಂಬಿಕೆ ಜನರಲ್ಲಿದೆ. ಅದು ತಕ್ಕಮಟ್ಟಿಗೆ ಗಟ್ಟಿಯಾದದ್ದು. ಬಹುಪಾಲು ಮೊದಲು ಸೋಲುವುದು ಕಣಗಳನ್ನು ಹಿಡಿದಿಟ್ಟ ಅಂಟು. ಗಾಳಿಯ ತೇವವನ್ನು ಹೀರಿ ಆ ಅಂಟಿನ ಅಣುಗಳು ಒಡೆಯುತ್ತವೆ; ಟೇಪು ಜಿಗುಟಾಗುತ್ತದೆ; ಯಂತ್ರಕ್ಕೆ ಹಾಕಿದಾಗ ಕಂದು ಪುಡಿ ಎದ್ದು ಉರುಳೆಗೆ ಮೆತ್ತಿಕೊಳ್ಳುತ್ತದೆ. ಎದ್ದು ಬಂದ ಆ ಪುಡಿಯೇ ನಿಮ್ಮ ಚಿತ್ರ! ಮಲೆನಾಡು, ಕರಾವಳಿಗಳಲ್ಲಿ ಇದರ ಜೊತೆಗೆ ಬೂಷ್ಟಿನ ಕಾಟ. ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯಲ್ಲಿ ನೋಡಿದಾಗ ಸುರುಳಿಯ ಅಂಚಿನಲ್ಲಿ ಬಿಳಿಯ ಹುಡಿ ಕಂಡರೆ ಅದನ್ನು ಯಾವ ಕಾರಣಕ್ಕೂ ಯಂತ್ರಕ್ಕೆ ಹಾಕಬಾರದು. ಟೇಪು ಹಾಳಾಗುತ್ತದೆ, ಯಂತ್ರ ಮಲಿನವಾಗುತ್ತದೆ, ಅದೇ ಯಂತ್ರಕ್ಕೆ ಮುಂದೆ ಹಾಕುವ ಟೇಪಿಗೂ ಬೂಷ್ಟು ಅಂಟುತ್ತದೆ. ಆ ಹುಡಿಯನ್ನು ಉಸಿರಾಡುವುದೂ ಒಳ್ಳೆಯದಲ್ಲ. ಬಿಚ್ಚಿ ಒರೆಸುವ ಕ್ರಮ ಬಲ್ಲವರಿಗೆ ಒಪ್ಪಿಸಬೇಕು. ಜಿಗುಟಾದ ಟೇಪನ್ನು 50ರಿಂದ 55 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಟ್ಟು, ತಾತ್ಕಾಲಿಕವಾಗಿ ಓದಬಲ್ಲ ಸ್ಥಿತಿಗೆ ತರುವ ವಿಧಾನವೊಂದುಂಟು. ಶಾಖವನ್ನು ಕರಾರುವಾಕ್ಕಾಗಿ ಹಿಡಿದಿಡುವ ಉಪಕರಣದಲ್ಲಿ ಮಾಡತಕ್ಕ ಕೆಲಸ ಅದು. ಅಡುಗೆಮನೆಯ ಒಲೆಯಲ್ಲಿ ಪ್ರಯೋಗಕ್ಕಿಳಿಯಬೇಡಿ.

ಟೇಪಿಗೆ ಇನ್ನೊಂದು ಶತ್ರು ಅದರ ಗುಣವೇ: ಬರೆದದ್ದರ ಮೇಲೆ ಮತ್ತೆ ಬರೆಯಬಹುದು. 1969ರಲ್ಲಿ ಚಂದ್ರನ ಮೇಲೆ ಮನುಷ್ಯ ಇಳಿದಾಗ ಅಲ್ಲಿಂದ ಬಂದ ಮೂಲ ಸಂಕೇತಗಳನ್ನು ಹಿಡಿದಿಟ್ಟ ಟೇಪುಗಳು ಬಹುಶಃ ಮರುಬಳಕೆಗೆ ಹೋಗಿ ಅಳಿಸಿಹೋದವೆಂದು, ವರ್ಷಗಟ್ಟಲೆ ಹುಡುಕಿದ ಬಳಿಕ 2009ರಲ್ಲಿ ನಾಸಾ ಸಂಸ್ಥೆ ಒಪ್ಪಿಕೊಂಡಿತು. ಅವರ ಪಾಡೇ ಹೀಗಿರುವಾಗ, ಅತ್ತಿಗೆಯ ಸೀಮಂತದ ಮೇಲೆ ಭಾನುವಾರದ ‘ರಾಮಾಯಣ’ ಧಾರಾವಾಹಿಯನ್ನು ಹಿಡಿದುಕೊಂಡ ಮೈದುನನನ್ನು ಏನೆನ್ನೋಣ? ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ ಇರುತ್ತದೆ. ಅದನ್ನು ಮುರಿದರೆ ಯಂತ್ರ ಆ ಟೇಪಿನ ಮೇಲೆ ಬರೆಯಲಾರದು. ಹಳೆಯ ಟೇಪು ಕೈಗೆ ಬಂದೊಡನೆ ನಾನು ಮಾಡುವ ಮೊದಲ ಕೆಲಸ ಆ ನಾಲಿಗೆ ಮುರಿಯುವುದು. ಆಮೇಲೆ, ಬೂಷ್ಟಿಲ್ಲವೆಂದು ಖಚಿತವಾದರೆ, ಒಮ್ಮೆ ತುದಿಯವರೆಗೆ ಓಡಿಸಿ ಹಿಂದಕ್ಕೆ ಸುತ್ತುತ್ತೇನೆ. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಬಿಗಿದುಕೊಂಡ ಸುರುಳಿ ಸಡಿಲವಾಗುತ್ತದೆ.

ಪ್ರತಿ ಮಾಡುವುದಕ್ಕೆ ಅಡ್ಡದಾರಿಯಿಲ್ಲ. ಮೂರು ಗಂಟೆಯ ಟೇಪಿಗೆ ಮೂರು ಗಂಟೆ. ಅದು ಓಡುತ್ತಿರಬೇಕು, ಒಬ್ಬರು ಬಳಿಯಲ್ಲಿ ಕೂತು ನೋಡುತ್ತಿರಬೇಕು. ಯಂತ್ರದಿಂದ ಹೊರಬರುವ ವಿದ್ಯುತ್ತಿನ ಏರಿಳಿತವನ್ನು ಒಂದು ಉಪಕರಣ ಸೆಕೆಂಡಿಗೆ 1 ಕೋಟಿ 35 ಲಕ್ಷ ಬಾರಿ ಅಳೆದು ಅಂಕಿಯಾಗಿ ಬರೆದಿಡುತ್ತದೆ. ಡಿಜಿಟಲ್ ಎಂದರೆ ಇಷ್ಟೇ: ಅಳತೆಗಳ ಪಟ್ಟಿ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಚಿತ್ರಕ್ಕೆ 625 ಅಡ್ಡಗೆರೆಗಳು, ಅವುಗಳಲ್ಲಿ ಚಿತ್ರ ಹೊರುವವು 576. ಒಂದೊಂದು ಗೆರೆಯನ್ನೂ 720 ಬಿಂದುಗಳಾಗಿ ವಿಂಗಡಿಸುತ್ತಾರೆ. ಹಾಗೆ ಬರೆದಿಟ್ಟರೆ ಒಂದು ಗಂಟೆಯ ಚಿತ್ರಕ್ಕೆ ಸುಮಾರು 75 ಗಿಗಾಬೈಟ್ ಜಾಗ ಬೇಕು.

ಇಲ್ಲಿ ಎರಡು ತೊಡಕುಗಳು. ಮೊದಲನೆಯದು ಕಾಲದ್ದು. ಪ್ರತಿ ಅಡ್ಡಗೆರೆಯೂ ಸೆಕೆಂಡಿನ ಹತ್ತು ಲಕ್ಷದ 64 ಭಾಗಕ್ಕೊಮ್ಮೆ, ತಾಳಕ್ಕೆ ಸರಿಯಾಗಿ, ಆರಂಭವಾಗಬೇಕು. ಟೇಪು ಹಿಗ್ಗಿದ್ದರೆ ಒಂದು ಗೆರೆ ಬೇಗ ಬರುತ್ತದೆ, ಮತ್ತೊಂದು ತಡವಾಗಿ. ಹಳೆಯ ಟಿ.ವಿ. ಪೆಟ್ಟಿಗೆ ಇದನ್ನು ಹೊಂದಿಸಿಕೊಂಡು ಹೋಗುತ್ತಿತ್ತು. ಕಂಪ್ಯೂಟರು ಅಷ್ಟು ದಾಕ್ಷಿಣ್ಯವುಳ್ಳದ್ದಲ್ಲ. ಮಂಟಪದ ಕಂಬಗಳು ಗಾಳಿಗೆ ಸಿಕ್ಕ ಬಾವುಟದಂತೆ ಬಳುಕುತ್ತವೆ. ಕೆಲವೊಮ್ಮೆ ಚಿತ್ರಗಳೇ ಬಿಟ್ಟುಹೋಗಿ ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ. ಗೆರೆಗಳನ್ನು ಕ್ಷಣಕಾಲ ಸ್ಮೃತಿಯಲ್ಲಿ ತಡೆದು, ಸಮಕ್ಕೆ ಸರಿಯಾಗಿ ಬಿಡುಗಡೆ ಮಾಡುವ ‘ಟೈಮ್ ಬೇಸ್ ಕರೆಕ್ಟರ್’ ಎಂಬ ಸಾಧನವಿದೆ. ಉತ್ತಮ ದರ್ಜೆಯ ಕೆಲವು ಎಸ್–ವಿ.ಎಚ್.ಎಸ್. ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ. ಪ್ರತಿ ಮಾಡಿಸಲು ಕೊಡುವಾಗ ‘ನಿಮ್ಮಲ್ಲಿ ಇದು ಇದೆಯೇ’ ಎಂದು ಕೇಳಿ. ಆ ಒಂದು ಪ್ರಶ್ನೆಗೆ ಬರುವ ಉತ್ತರದಿಂದಲೇ ಅಂಗಡಿಯವನ ವಿದ್ಯೆಯ ಅಂದಾಜು ಸಿಗುತ್ತದೆ.

ಎರಡನೆಯದು ಗೆರೆಗಳ ಹೆಣಿಗೆ. ಆಗಿನ ಟಿ.ವಿ. ಒಂದು ಚಿತ್ರವನ್ನು ಎರಡು ಕಂತಿನಲ್ಲಿ ಬಿಡಿಸುತ್ತಿತ್ತು, ಮೊದಲು ಬೆಸಗೆರೆಗಳು, ಆಮೇಲೆ ಸರಿಗೆರೆಗಳು. ಇವೆರಡರ ನಡುವೆ ಸೆಕೆಂಡಿನ ಐವತ್ತನೆಯ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಮದುಮಗಳ ಕೈ ಸರಿದಿರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಎರಡನ್ನೂ ಒಟ್ಟಿಗೆ ತೋರಿಸಿದರೆ ಕೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಇದನ್ನು ನಿವಾರಿಸಲೆಂದು ಒಂದು ಕಂತನ್ನೇ ಎಸೆದುಬಿಡುವ ಪದ್ಧತಿ ಬಳಕೆಯಲ್ಲಿದೆ. ಅರ್ಧ ಚಿತ್ರವನ್ನು ಎಸೆದಂತೆ ಅದು. ಮೂಲ ಪ್ರತಿಯಲ್ಲಿ ಎರಡನ್ನೂ ಇದ್ದ ಹಾಗೆಯೇ ಉಳಿಸಿಕೊಂಡು, ನೋಡುವ ಪ್ರತಿಯಲ್ಲಿ ಮಾತ್ರ ನಯಗೊಳಿಸುವುದು ಸರಿಯಾದ ಕ್ರಮ. ನಯಗಾರಿಕೆಯ ವಿದ್ಯೆ ವರ್ಷವರ್ಷಕ್ಕೂ ಸುಧಾರಿಸುತ್ತಿದೆ. ಎಸೆದದ್ದು ಮಾತ್ರ ತಿರುಗಿ ಬಾರದು. ಅಗಲ ಪರದೆಗೆ ಹಿಗ್ಗಿಸಿ, ಬಡಕಲು ಮಾವನನ್ನು ಹೊಟ್ಟೆ ಬಂದವರನ್ನಾಗಿ ಮಾಡಿ, ‘ಎಚ್.ಡಿ. ಮಾಡಿಕೊಟ್ಟಿದ್ದೇವೆ’ ಎಂದು ಹೇಳುವವರಿದ್ದಾರೆ. ಟೇಪಿನ ಚಿತ್ರದ ಪ್ರಮಾಣ ನಾಲ್ಕಕ್ಕೆ ಮೂರು; ಹಾಗೆಯೇ ಇರಲಿ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಅಲ್ಲಿ ಚಿತ್ರಿಸಿ ಕಳಿಸಿದ ಟೇಪುಗಳಿದ್ದರೆ, ಅವು 525 ಗೆರೆಗಳ ಎನ್.ಟಿ.ಎಸ್.ಸಿ. ಪದ್ಧತಿಯವೆಂದು ಮೊದಲೇ ತಿಳಿಸಬೇಕು. ಆ ಕಾಲದಲ್ಲಿ ಇಲ್ಲಿನ ಸಾಮಾನ್ಯ ವಿ.ಸಿ.ಆರ್.ನಲ್ಲಿ ಅವು ಸರಿಯಾಗಿ ಓಡದೆ, ಮೊಮ್ಮಗುವಿನ ಮುಖ ನೋಡಲು ಅಜ್ಜ ಅಜ್ಜಿಯರು ಪಟ್ಟಣದಲ್ಲೆಲ್ಲ ‘ಮಲ್ಟಿಸಿಸ್ಟಮ್’ ಯಂತ್ರವಿರುವ ಮನೆ ಹುಡುಕಿದ್ದುಂಟು.

ಇನ್ನು ಡಿ.ವಿ.ಡಿ.ಯ ಮಾತು. 1996ರ ಕೊನೆಗೆ ಜಪಾನಿನ ಪೇಟೆಗೆ ಬಂದ ಈ ತಟ್ಟೆಯನ್ನು ಜನ ಶಾಶ್ವತವೆಂದೇ ಭಾವಿಸಿದರು. ಒಂದು ಸಾಮಾನ್ಯ ತಟ್ಟೆಯಲ್ಲಿ 4.7 ಗಿಗಾಬೈಟ್ ಹಿಡಿಯುತ್ತದೆ. ಗಂಟೆಗೆ 75 ಗಿಗಾಬೈಟ್ ಆಗುವ ಚಿತ್ರವನ್ನು ಎರಡು ಗಂಟೆಯಷ್ಟು ಅದರಲ್ಲಿ ತುಂಬಬೇಕೆಂದರೆ ಎಷ್ಟು ಹಿಂಡಬೇಕೆಂದು ಯೋಚಿಸಿ. ಹಿಂಡುವ ಗಣಿತ ಜಾಣತನದ್ದು. ಕಣ್ಣು ಗಮನಿಸದ ವಿವರಗಳನ್ನು ಆರಿಸಿ ಬಿಡುತ್ತದೆ. ಹಳೆಯ ಟೇಪಿನಲ್ಲಿ ಚುಕ್ಕೆಚುಕ್ಕೆಯ ಗದ್ದಲ ಬಹಳ. ಗಣಿತ ಆ ಗದ್ದಲವನ್ನೇ ವಿವರವೆಂದು ತಿಳಿದು ಅದಕ್ಕೆ ಜಾಗ ಕೊಟ್ಟು, ಮುಖಗಳನ್ನು ಚೌಕಚೌಕವಾಗಿ ಒಡೆಯುತ್ತದೆ. ಮೂರು ಗಂಟೆಯನ್ನು ಒಂದೇ ತಟ್ಟೆಗೆ ತುರುಕಿದರಂತೂ ಕೇಳುವುದೇ ಬೇಡ. ಮನೆಯಲ್ಲಿ, ಅಂಗಡಿಯಲ್ಲಿ ಬರೆಯುವ ತಟ್ಟೆಗಳಲ್ಲಿ ಅಂಕಿಗಳು ಕೂರುವುದು ಒಂದು ಸಾವಯವ ಬಣ್ಣದ ಪದರದಲ್ಲಿ. ಬಿಸಿಲು, ಸೆಕೆಗಳಿಗೆ ಅದು ಕೆಡುತ್ತದೆ. ತಟ್ಟೆ ಓದುವ ಕಿಂಡಿಯಂತೂ ಈಗಿನ ಲ್ಯಾಪ್‌ಟಾಪುಗಳಲ್ಲಿ ಅಪರೂಪವಾಗಿದೆ. ಒಂದು ಯಂತ್ರದ ಹಂಗಿನಿಂದ ಬಿಡಿಸಿಕೊಂಡು ಇನ್ನೊಂದು ಯಂತ್ರದ ಹಂಗಿಗೆ ಬಿದ್ದಂತಾಯಿತು.

ಹಾಗಾದರೆ ಉಳಿಯುವುದು ಯಾವುದು? ಸಾಹಿತ್ಯಾಸಕ್ತರಾದ ನಿಮಗೆ ಇದರ ಉತ್ತರ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದನ್ನು ಎಲ್ಲರೂ ಬಲ್ಲಿರಿ. ಓಲೆ ಬಾಳುತ್ತದೆಂದು ಆಕೆ ನೆಚ್ಚಲಿಲ್ಲ. ಪ್ರತಿಗಳ ಸಂಖ್ಯೆಯನ್ನು ನೆಚ್ಚಿದಳು. ನಮ್ಮ ಹಳೆಯ ಕಾವ್ಯಗಳೆಲ್ಲ ಹೀಗೆ ಗರಿಯಿಂದ ಗರಿಗೆ ದಾಟಿ ಬಂದವು. ಪ್ರತಿಕಾರನ ಕೈ ತಪ್ಪಿದಲ್ಲಿ ಪಾಠಾಂತರ ಹುಟ್ಟಿತು. ಪಾಠಾಂತರಗಳನ್ನು ಬಿಡಿಸುವುದಕ್ಕೆ ವಿದ್ವಾಂಸರ ಆಯುಷ್ಯಗಳು ಸಂದವು. ಟೇಪಿನಿಂದ ಟೇಪಿಗೆ ಮಾಡಿದ ಪ್ರತಿಯೂ ಇದೇ ಜಾತಿಯದು. ಚಿಕ್ಕಪ್ಪನಿಗೊಂದು, ಅವರಿಂದ ಸೋದರತ್ತೆಗೊಂದು ಎಂದು ಪ್ರತಿ ಮಾಡುತ್ತಾ ಹೋದರೆ ಮೂರನೆಯ ತಲೆಮಾರಿಗೆ ಸೀರೆಯ ಕೆಂಪು ಅಂಚು ದಾಟಿ ಹರಡಿರುತ್ತದೆ, ಮುಖ ಹಿಟ್ಟಾಗಿರುತ್ತದೆ. ಅಂಕಿಗೆ ಈ ದೋಷವಿಲ್ಲ. ಏಳನ್ನು ಏಳೆಂದೇ ಬರೆದುಕೊಂಡರೆ ಸಾವಿರನೆಯ ಪ್ರತಿಯೂ ಮೊದಲಿನದರಂತೆಯೇ. ಒಂದಂಕಿ ತಪ್ಪಿದರೂ ಕಂಡುಹಿಡಿಯುವ ಲೆಕ್ಕಾಚಾರವೂ ಇದೆ. ಆದಕಾರಣ ಟೇಪಿನಿಂದ ಅಂಕಿಗೆ ದಾಟುವ ಆ ಒಂದು ಹೆಜ್ಜೆಯಲ್ಲಿ ಎಷ್ಟು ಜತನ ಸಾಧ್ಯವೋ ಅಷ್ಟನ್ನೂ ವಹಿಸಬೇಕು. ಮುಂದಿನ ಪ್ರತಿಗಳೆಲ್ಲ ಆ ಹೆಜ್ಜೆಯ ಪಡಿಯಚ್ಚುಗಳು.

ಬಳಕೆಯಲ್ಲಿ ನಾನು ಅನುಸರಿಸುವ ಕ್ರಮ ಇದು. ಏನನ್ನೂ ಕಳೆಯದೆ ಮಡಚಿಡುವ ಎಫ್.ಎಫ್.ವಿ.1 ಎಂಬ ಪದ್ಧತಿಯಲ್ಲಿ ಮೂಲಕಡತವನ್ನು ಇಡುತ್ತೇನೆ. 75 ಗಿಗಾಬೈಟ್ ಅರ್ಧಕ್ಕೂ ಇಳಿಯುವುದುಂಟು. ಅದರಿಂದ ಎಚ್.264 ಪದ್ಧತಿಯಲ್ಲಿ, ಫೋನಿನಲ್ಲಿ ನೋಡಬಹುದಾದ ಚಿಕ್ಕ ಕಡತವೊಂದನ್ನು ತೆಗೆಯುತ್ತೇನೆ. ಮೂಲಕಡತ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಲ್ಲಿ, ಮೂರನೆಯ ಪ್ರತಿ ಬೇರೆ ಊರಿನ ಬಂಧುವಿನ ಮನೆಯಲ್ಲಿ. ಕೆಲವು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ವರ್ಗಾವಣೆ. ಪೆನ್ ಡ್ರೈವು ಕೊಂಡೊಯ್ಯುವುದಕ್ಕೆ ಸರಿ, ಕೂಡಿಡುವುದಕ್ಕಲ್ಲ. ಹಿರಿಯರು ಟಿ.ವಿ.ಯಲ್ಲಿ ಹಾಕಿ ನೋಡಲು ಡಿ.ವಿ.ಡಿ. ಬೇಕೆಂದರೆ ಅದನ್ನೂ ಮಾಡಿಕೊಡುತ್ತೇನೆ. ಅದು ನೋಡುವ ಪ್ರತಿ, ಅಷ್ಟೇ.

ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರು 1991ರ ಗೃಹಪ್ರವೇಶದ ಟೇಪೊಂದನ್ನು ತಂದುಕೊಟ್ಟರು. ಅದರಿಂದ ಅಂಗಡಿಯೊಂದರಲ್ಲಿ ಮಾಡಿಸಿದ ಡಿ.ವಿ.ಡಿ. ಅವರ ಬಳಿ ಮೊದಲೇ ಇತ್ತು. ‘ಇನ್ನು ಟೇಪೇಕೆ, ಗುಜರಿಗೆ ಹಾಕೋಣ’ ಎಂಬ ಮಾತು ಮನೆಯಲ್ಲಿ ನಡೆದಿತ್ತಂತೆ. ಡಿ.ವಿ.ಡಿ.ಯಲ್ಲಿ ಹೋಮ, ಊಟ, ಉಡುಗೊರೆ, ಎಲ್ಲದರ ಮೇಲೂ ಹೊದಿಸಿದ ಸಿನಿಮಾ ಹಾಡು, ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಹೃದಯದಾಕಾರದ ಕಿಂಡಿ. ಟೇಪನ್ನು ಓಡಿಸಿ ನೋಡಿದರೆ, ಊಟದ ಬಳಿಕ ರಾತ್ರಿಯ ತಾಳಮದ್ದಲೆ ನಲವತ್ತು ನಿಮಿಷ ಇತ್ತು. ಪ್ರಸಂಗ ಕೃಷ್ಣಸಂಧಾನ. ಕ್ಯಾಮೆರಾದವನು ಅದನ್ನು ಸ್ಟ್ಯಾಂಡಿನ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದನೆಂದು ತೋರುತ್ತದೆ: ಚಿತ್ರ ಕದಲುವುದಿಲ್ಲ, ಮದ್ದಲೆಯವರು ಅರ್ಧ ಮಾತ್ರ ಕಾಣುತ್ತಾರೆ. ಆದರೆ ಕೃಷ್ಣನಿಗೂ ಕೌರವನಿಗೂ ನಡೆದ ವಾದ ಮಾತು ಬಿಡದೆ ಇದೆ. ಕರೆಂಟು ಹೋಗುವಲ್ಲಿಗೆ ಮುಗಿಯುತ್ತದೆ. ‘ಏನೂ ನಡೆಯುವುದಿಲ್ಲ, ಬರೀ ಕೂತು ಮಾತಾಡುತ್ತಾರೆ’ ಎಂದು ಅಂಗಡಿಯಲ್ಲಿ ಅದನ್ನು ಕತ್ತರಿಸಿದ್ದರು. ತಾಳಮದ್ದಲೆಯ ಅರ್ಥಗಾರಿಕೆ ಆ ಹೊತ್ತಿಗೆ ಹುಟ್ಟಿ ಆ ಹೊತ್ತಿಗೇ ಆರುವ ಮಾತು. ಅದಕ್ಕೆ ಬರೆದ ಪಠ್ಯವಿಲ್ಲ. ಅರ್ಥ ಹೇಳಿದ ಇಬ್ಬರೂ ಈಗಿಲ್ಲ. ಅವರ ಮಾತು ಇರುವುದು ಟೇಪಿನ ಅಂಚಿನ ಆ ಒಂದು ಮಿಲಿಮೀಟರಿನಲ್ಲಿ.

ಹೀಗಾಗಿ ನನ್ನ ಹಟ ಎರಡು: ಪ್ರತಿಯನ್ನು ಆದಿಯಿಂದ ಅಂತ್ಯದವರೆಗೆ ಕತ್ತರಿಸದೆ ಮಾಡಬೇಕು, ಪ್ರತಿಯಾದ ಮೇಲೂ ಟೇಪನ್ನು ಎಸೆಯಬಾರದು. ಮದುವೆಯ ಟೇಪುಗಳಲ್ಲಿ ಧಾರೆಯ ದೃಶ್ಯ ಎಲ್ಲರ ಮನೆಯಲ್ಲೂ ಒಂದೇ. ಬೆಲೆಯುಳ್ಳದ್ದು ಕ್ಯಾಮೆರಾ ಅಕಸ್ಮಾತ್ತಾಗಿ ಹೊರಳಿದ ಕಡೆ ಇರುತ್ತದೆ: ಅಗಲಗೊಳಿಸುವ ಮೊದಲಿನ ಬೀದಿ, ಕೆಡವಿದ ಮನೆಯ ಜಗಲಿ, ಕಾವಿ ನೆಲ, ಬಡಿಸುವವರ ಕೂಗು, ಈಗ ಯಾರೂ ಆಡದ ಒಂದು ನುಡಿಗಟ್ಟು. ಧ್ವನಿ–ದೃಶ್ಯ ಸಂಗ್ರಹಾಗಾರಗಳ ಅಂತಾರಾಷ್ಟ್ರೀಯ ಸಂಘವೂ ಯುನೆಸ್ಕೊದ ಒಂದು ಕಾರ್ಯಕ್ರಮವೂ ಕೂಡಿ, 2025ರ ಸುಮಾರಿಗೆ ಓದುವ ಯಂತ್ರಗಳೂ ಬಿಡಿಭಾಗಗಳೂ ದುರ್ಲಭವಾಗುತ್ತವೆಂದು 2019ರಲ್ಲಿ ಎಚ್ಚರಿಸಿದ್ದವು. ಆ ಗಡುವು ಬಂದೇಬಿಟ್ಟಿದೆ. ಹ್ಯಾಂಡಿಕ್ಯಾಮಿನ ಸಣ್ಣ ಟೇಪುಗಳ ಪಾಡು ಇನ್ನೂ ಕಷ್ಟ. ಎಂಟು ಮಿಲಿಮೀಟರಿನ ಟೇಪಿರುವವರು ಅದನ್ನು ಹಿಡಿದ ಕ್ಯಾಮೆರಾ ಮನೆಯಲ್ಲೆಲ್ಲಾದರೂ ಇದ್ದರೆ, ಕೆಟ್ಟಿದ್ದರೂ ಸರಿ, ಜೊತೆಗೇ ಕೊಂಡೊಯ್ಯಲಿ.

ಯಂತ್ರ ಮಾಡಲಾರದ ಕೆಲಸವೊಂದಿದೆ. ತೆರೆಯ ಮೇಲಿನ ಮುಖಗಳು ಯಾರವೆಂದು ಟೇಪು ಹೇಳುವುದಿಲ್ಲ. ಪ್ರತಿಯಾದೊಡನೆ ಮನೆಯ ಹಿರಿಯರೊಬ್ಬರನ್ನು ಎದುರಿಗೆ ಕೂರಿಸಿ, ನಿಲ್ಲಿಸಿ ನಿಲ್ಲಿಸಿ ತೋರಿಸಿ, ಇಷ್ಟನೆಯ ನಿಮಿಷದಲ್ಲಿ ಇಂಥವರು, ಇಂಥ ಊರಿನವರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ; ಆ ಪಟ್ಟಿಯನ್ನೂ ಕಡತದ ಜೊತೆಗೇ ಸೇರಿಸಿ. ಆ ಗೃಹಪ್ರವೇಶದ ಟೇಪಿಗೆ ಹೀಗೊಂದು ಪಟ್ಟಿ ಮಾಡಿದೆವು. ಮನೆಯೊಡತಿಗೆ ಎಂಬತ್ತೆಂಟು ವರ್ಷ. ಎರಡು ಮಧ್ಯಾಹ್ನ ಕೂತು, ಮದ್ದಲೆಯವರನ್ನು ಅವರ ಒಂದು ಕೈಯಿಂದಲೇ ಗುರುತಿಸಿದರು. ಪಂಕ್ತಿಯಲ್ಲಿ ಕೂತವರ ಪೈಕಿ ಹನ್ನೊಂದು ಮಂದಿಯ ಹೆಸರು ಇನ್ನೂ ಸಿಕ್ಕಿಲ್ಲ. ಅವರ ಚಿತ್ರಗಳನ್ನು ಅಚ್ಚು ಹಾಕಿಸಿ ಪಕ್ಕದ ಊರಿಗೆ ಕಳಿಸಿದ್ದೇವೆ.